ಮರದಚ್ಚಿನ ರುಡಾಲ್ಫ್

ಕುವೈತಿನ ಫರ್ವಾನಿಯಾದ ಬಾಡಿಗೆ ಕೋಣೆಯಲ್ಲಿ ಶುಕ್ರವಾರ ಇಸ್ಪೀಟು ಹಂಚಿದರೆ ಸಾಕು, ರುಡಾಲ್ಫನಿಗೆ ಪಾಠ ಉಕ್ಕಿ ಬರುತ್ತದೆ. ಹಿಂದೆ ಯುರೋಪಿನಲ್ಲಿ ಸಂತರ ಪಟಕ್ಕೆ ಮರದ ಅಚ್ಚು ಕೆತ್ತಿದ ಕೈಗಳೇ ಇಸ್ಪೀಟಿನ ರಾಜನನ್ನೂ ಕೆತ್ತಿದವು ಎನ್ನುತ್ತಾ, ಎಲೆಗೂ ಶಿಲುಬೆಯ ಗುರುತು ಮಾಡಿಯೇ ಇಳಿಸುತ್ತಾನೆ. “ಸಂತರು ಅಲ್ಲೇ ಇರ್ಲಿ, ಯಲ್ಲಾ, ಬೇಗ ಎಲೆ ಹಾಕಿ ಮಾರಾಯ್ರೆ!” ಎಂದು ಕೋಣೆಯ ಜೊತೆಗಾರ ಕೊರಗಪ್ಪ ಗೋಗರೆಯುತ್ತಾನೆ. ರುಡಾಲ್ಫ್ ಹಣ್ಣಿನ ಪೆಟ್ಟಿಗೆಯ ಹಲಗೆಯನ್ನೂ ಬಿಡದೆ ಕೆತ್ತಿ, ಮಸಿ ಬಳಿದು, ಕಾಗದವಿಟ್ಟು ಚಮಚದಿಂದ ಉಜ್ಜುತ್ತಾನೆ. ಕೋಣೆಯವರ ಸಾರಿಗೂ ಮಸಿಯ ವಾಸನೆ. “ಅಚ್ಚಿನಲ್ಲಿ ಎಡ ಬಲ ಆಗ್ತದೆ, ಜಾಗ್ರತೆ” ಎಂದು ಊರಿಗೆಲ್ಲ ಹೇಳುವ ಇವನೇ, ರಜೆಯಲ್ಲಷ್ಟೇ ಕಾಣಸಿಗುವ ಹೆಂಡತಿ ಅಪೊಲೋನಿಯಾಳ ಮುಖ ಕೆತ್ತುವಾಗ ಮೈಮರೆತ. ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಬಂತು. ನಾಚುತ್ತಲೇ ಪಟವನ್ನು ಊರಿಗೆ ಕಳಿಸಿದ. ಅವಳು ಫೋನಿನಲ್ಲಿ ನಕ್ಕಳು: “ಸರಿಯೇ ಉಂಟಲ್ಲ! ದಿನಾ ಕನ್ನಡಿಯಲ್ಲಿ ನಾನೊಬ್ಬಳೇ ನೋಡುವ ಮುಖ ಇದೇ. ನೀವು ಯಾವಾಗ ನೋಡಿದ್ದು?”