ಹೆದರಿಕೆಯ ಕ್ಲೋಸಪ್

ನನಗೆ ಮನುಷ್ಯರ ಮುಖ ಕಂಡರೆ ಭಯ. ಸಿನಿಮಾ ಕಲಿಯಲು ಹೊರಟವಳು ಹೀಗನ್ನುವುದು ಈಜಲು ಹೋದವರು ನೀರು ಕಂಡರಾಗದು ಎಂದಂತೆ, ಗೊತ್ತು. ಫಿಲ್ಮ್ ಸ್ಕೂಲಿನ ಮೊದಲ ವರ್ಷ ನಾನು ತೆಗೆದದ್ದೆಲ್ಲ ಬೆನ್ನುಗಳೇ. ಬಸ್ಸಿಗೆ ಕಾಯುವವರ ಬೆನ್ನು, ಚಹಾ ಕುಡಿಯುವವರ ಬೆನ್ನು, ಒಮ್ಮೆ ಒಂದು ಎಮ್ಮೆಯ ಬೆನ್ನು. “ಇದೇನಮ್ಮ, ನಿಮ್ಮೂರಿನವರೆಲ್ಲ ಆ ಕಡೆ ತಿರುಗಿಕೊಂಡೇ ಹುಟ್ಟಿದ್ದಾರಾ?” ಎಂದು ಮೇಷ್ಟ್ರು ಕೇಳಿದರು. ರಜೆಗೆ ಶಿವಮೊಗ್ಗಕ್ಕೆ ಹೊರಟಾಗ ನನಗೆ ಕೊಟ್ಟ ಕೆಲಸ ಒಂದೇ: ಪರಿಚಯವಿಲ್ಲದ ಯಾರಾದರೊಬ್ಬರ ಎದುರು ಕೂತು ಅವರ ಮುಖವನ್ನು ಚಿತ್ರಿಸಿ ತರಬೇಕು.

ಗೋಪಾಳ ಬಡಾವಣೆಯ ನಮ್ಮ ಮನೆಯ ಕನ್ನಡಿಯ ಮುಂದೆ “ನಮಸ್ಕಾರ, ನಿಮ್ಮದೊಂದು ವಿಡಿಯೊ ತೆಗೆಯಬಹುದಾ?” ಎಂದು ಅಭ್ಯಾಸ ಮಾಡಿದೆ. ಗಾಂಧಿಬಜಾರಿನಲ್ಲಿ ಹೂ ಮಾರುವ ಹೆಂಗಸಿನ ಮುಂದೆ ನಿಂತಾಗ ಬಾಯಿಂದ ಬಂದದ್ದು “ಒಂದು ಮಾರು ಸೇವಂತಿಗೆ ಕೊಡಿ” ಎಂಬ ಮಾತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ನಮ್ಮ ಮನೆಯ ದೇವರುಗಳು ಹೂವಿನಲ್ಲಿ ಮುಳುಗಿಹೋದವು. “ಏನೇ ಇದು, ಇದ್ದಕ್ಕಿದ್ದಂಗೆ ಇಷ್ಟೊಂದು ಭಕ್ತಿ?” ಎಂದು ಅಮ್ಮ ಹುಬ್ಬೇರಿಸಿದಳು.

ನಮ್ಮ ಪೂರ್ವಿಕರು ಭಯವನ್ನು ತಾತ್ಸಾರ ಮಾಡಲಿಲ್ಲ. ಅದಕ್ಕೆ ಒಂದು ರಸದ ಪದವಿಯನ್ನೇ ಕೊಟ್ಟು, ಬೆವರು, ನಡುಕ, ಸ್ವರ ಒಡೆಯುವುದು, ಮುಖದ ಬಣ್ಣಗೆಡುವುದು ಎಂದು ಗುರುತುಗಳನ್ನೂ ಹೇಳಿಟ್ಟರು. ತರಗತಿಯಲ್ಲಿ ಓದುವಾಗ ಇವೆಲ್ಲ ನಟನಟಿಯರಿಗೆ ಎಂದುಕೊಂಡಿದ್ದೆ. ಭದ್ರಾವತಿಯ ಓಲ್ಡ್ ಟೌನಿನಲ್ಲಿ, ನಿಂತಿದ್ದ ಒಂದು ಗೂಡ್ಸ್ ಆಟೋದ ಮರೆಯಲ್ಲಿ, ಅಷ್ಟೂ ನನ್ನೊಬ್ಬಳ ಮೇಲೆ ಒಟ್ಟಿಗೆ ಇಳಿದವು.

ಭದ್ರಾವತಿಗೆ ಹೋದದ್ದು ಅಲ್ಲಿ ಯಾರೂ ನನ್ನನ್ನು ಬಲ್ಲವರಿಲ್ಲ ಎಂಬ ಧೈರ್ಯದಿಂದ. ಒಂದು ಓಣಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಹೊಸ್ತಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಬಿಸಿಲು ಅವರ ಮೂಗುಬೊಟ್ಟಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಕೇಳುವುದನ್ನು ಬಿಟ್ಟು, ಆಟೋದ ಹಿಂದಿನಿಂದಲೇ ಕದ್ದು ತೆಗೆಯತೊಡಗಿದೆ.

“ಏನಮ್ಮಾ, ನಮ್ಮ ಮನೆ ಯಾಕೆ ತೆಗೀತಿದ್ದೀಯಾ?”

ತಿರುಗಿದರೆ ಕೈಗೆಲ್ಲ ಗ್ರೀಸು ಮೆತ್ತಿಕೊಂಡ ಗಂಡಸು. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್. ಅವನ ಹಿಂದೆ ಇನ್ನಷ್ಟು ಜನ ಸೇರಿದರು. “ಯಾವ ಚಾನೆಲ್ಲು?” ಎಂದರು ಒಬ್ಬರು. “ಚಾನೆಲ್ ಅಲ್ಲ ಮಾರಾಯ, ರೋಡ್ ಅಗಲ ಮಾಡೋಕೆ ಅಳತೆಗೆ ಬಂದಿರ್ಬೇಕು,” ಎಂದರು ಇನ್ನೊಬ್ಬರು. ಮನೆ ಹೋಗುತ್ತದೆಂಬ ಮಾತು ಬಿದ್ದದ್ದೇ ಗುಂಪಿನ ದನಿ ಬದಲಾಯಿತು. ಒಂದು ಕೈ ಕ್ಯಾಮೆರಾದ ಪಟ್ಟಿ ಹಿಡಿಯಿತು. ಕ್ಯಾಮೆರಾ ನನ್ನದಲ್ಲ, ಸ್ಕೂಲಿನದು. ನಾನು ವಿದ್ಯಾರ್ಥಿನಿ ಎನ್ನಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು.

“ಇಲ್ಯಾಸ್! ಹೆಣ್ಣು ಮಗೂನ ಯಾಕೋ ಸುತ್ಕೊಂಡಿದೀರಾ? ಬಿಡ್ರೋ!” ಹೊಸ್ತಿಲಿನಿಂದ ಕೂಗು ಬಂತು. “ಬಾ ಬೇಟಾ, ಒಳಗೆ ಬಾ. ಮುಖ ನೋಡು, ಸುಣ್ಣ ಆಗಿದೆ.”

ಅವರು ಮೆಹರುನ್ನೀಸಾ, ಮೆಕ್ಯಾನಿಕ್ ಇಲ್ಯಾಸನ ತಾಯಿ. ನೀರು ಕೊಟ್ಟು ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡರು. ಮಗನನ್ನು ಗ್ಯಾರೇಜಿಗೆ ಕಳಿಸಿದರು. ಅವನು ಓಣಿ ದಾಟಿದನೆಂದು ಖಾತ್ರಿಯಾದ ಮೇಲೆ ಬಾಗಿಲು ಮುಂದೆ ಮಾಡಿ, “ನಂದು ಮುಖ ತೆಗಿ. ಆದ್ರೆ ನಾನು ಹೇಳೋದು ಇಲ್ಯಾಸ್‌ಗೆ ಗೊತ್ತಾಗಬಾರ್ದು,” ಎಂದರು.

ಮುಂದಿನ ವಾರ ಶಿವಮೊಗ್ಗದಲ್ಲಿ ಅವರಿಗೆ ಹೃದಯದ ಆಪರೇಷನ್. ಮಗನ ಮುಂದೆ ಏನೂ ಆಗದವರಂತೆ ಇದ್ದರು. ಈಗ ನನ್ನ ಎದುರು, ಕ್ಯಾಮೆರಾದ ಎದುರು, ಹೇಳತೊಡಗಿದರು. “ಮಲಗಿಸ್ತಾರಂತೆ. ಏಳದೇ ಹೋದ್ರೆ? ಮೂಗುಬೊಟ್ಟು ಬಿಚ್ಚಿಡಬೇಕಂತೆ. ಮದುವೆಯಿಂದ ಬಿಚ್ಚಿಲ್ಲ, ಅದಿಲ್ದೆ ಮೇಲೆ ಹೋದ್ರೆ ಅಲ್ಲಿ ಇಲ್ಯಾಸ್ ಅಬ್ಬಾಗೆ ನನ್ನ ಗುರುತು ಸಿಗುತ್ತಾ? ಎದೆ ಕೊಯ್ಯೋದು ಗಂಡಸರಂತೆ. ರಾತ್ರಿಯೆಲ್ಲ ಗೋಡೆ ಕಡೆ ತಿರುಗಿ ನಡುಗ್ತೀನಿ ಬೇಟಾ.” ಆಮೇಲೆ ಎದುರಿಗಿಲ್ಲದ ಮಗನಿಗೆ ಕ್ಯಾಮೆರಾದ ಮೂಲಕ ಹೇಳಿದರು. “ಇಲ್ಯಾಸ್, ಹಟ ಬಿಡು. ಬೇಗ ಇನ್ನೊಂದು ಮದುವೆ ಆಗು. ಮೊದಲನೇದು ಮುರಿದಿದ್ದು ನಿನ್ನ ತಪ್ಪಲ್ಲ, ನನ್ನ ಬಾಯಿದು.”

ಕಣ್ಣೊರೆಸಿಕೊಂಡು ಕರಾರು ಹಾಕಿದರು. “ನಾನು ಏಳಲಿಲ್ಲ ಅಂದ್ರೆ ಅವನಿಗೆ ತೋರ್ಸು. ಎದ್ರೆ ಅಳಿಸಿಬಿಡು.”

ಅಂದಿನಿಂದ ಇನ್ನೊಬ್ಬರ ಭಯವನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಉಗುರಿನಷ್ಟಗಲದ ಮೆಮೊರಿ ಕಾರ್ಡು. ಕಳೆದರೆ? ಕೆಟ್ಟರೆ? ಊಟದ ಮಧ್ಯೆ ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದೆ. ಮತ್ತೆ ಮತ್ತೆ ನೋಡಿದಾಗ ಇನ್ನೊಂದೂ ತಿಳಿಯಿತು: ನನ್ನ ಜನ್ಮದಲ್ಲಿ ಇಷ್ಟು ಒಳ್ಳೆಯ ಚಿತ್ರ ನಾನು ತೆಗೆದಿರಲಿಲ್ಲ.

ಆಪರೇಷನ್ ದಿನ ಮನೆಯಲ್ಲಿ ಕೂರಲಾಗದೆ ಆಸ್ಪತ್ರೆಗೆ ಹೋದೆ. ಕಾರಿಡಾರಿನ ಬೆಂಚಿನ ತುದಿಯಲ್ಲಿ ಇಲ್ಯಾಸ್ ಕೂತಿದ್ದ. ನನ್ನನ್ನು ಗುರುತಿಸಿ ಜಾಗ ಬಿಟ್ಟ. ಗ್ರೀಸಿಲ್ಲದ ಅವನ ಕೈಗಳು ಬೇರೆ ಯಾರದೋ ಎಂಬಂತೆ ಮಡಿಲಲ್ಲಿ ಬಿದ್ದಿದ್ದವು.

“ನಮ್ಮ ಅಮ್ಮಿಗೆ ಒಂಚೂರೂ ಹೆದರಿಕೆ ಇಲ್ಲ ನೋಡು ತಂಗಿ,” ಎಂದ. “ನಗ್ತಾ ಒಳಗೆ ಹೋದ್ರು. ನಂಗೇ ವಾರದಿಂದ ಊಟ ಸೇರಿಲ್ಲ. ಅವ್ರ ಮುಂದೆ ಮಾತ್ರ ಗಟ್ಟಿ ಇದ್ದೆ. ನಾನು ಅತ್ರೆ ಅವ್ರು ಕುಸಿದುಬಿಡ್ತಾರಲ್ಲ.”

ಪರ್ಸನ್ನು ಒತ್ತಿ ಹಿಡಿದುಕೊಂಡೆ. ಒಂದೇ ಮನೆಯ ಇಬ್ಬರು ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ನಡುಗುತ್ತ, ಬೆಳಗಾದರೆ ಒಬ್ಬರಿಗೊಬ್ಬರು ಧೈರ್ಯ ನಟಿಸಿದ್ದರು. ಹೇಳಿಬಿಡೋಣವೆಂದು ನಾಲಿಗೆ ತುದಿಯವರೆಗೆ ಬಂತು. ಆದರೆ ಮಾತು ಕೊಟ್ಟಿದ್ದೆ. ಆಗಲೇ ಒಂದು ಯೋಚನೆ ಹಾವಿನಂತೆ ಸರಿದುಹೋಯಿತು: ಅವರು ಏಳದೇ ಹೋದರೆ ಚಿತ್ರ ಉಳಿಯುತ್ತದೆ. ಆ ಯೋಚನೆಗೆ ಹೆದರಿದೆ. ಓಣಿಯ ಗುಂಪಿಗೂ ನಾನು ಅಷ್ಟು ಹೆದರಿರಲಿಲ್ಲ. ನನಗೆ ಗೊತ್ತಿರುವ ಎಲ್ಲ ದೇವರಿಗೂ, ಗೊತ್ತಿಲ್ಲದ ಅವರ ದೇವರಿಗೂ, ಅವರನ್ನು ಎಬ್ಬಿಸು ಎಂದು ಬೇಡಿಕೊಂಡೆ.

ಡಾಕ್ಟರು ಹೊರಬಂದು ಇಲ್ಯಾಸನ ಭುಜ ತಟ್ಟಿದರು. ಅವನು ಅಲ್ಲೇ ನೆಲಕ್ಕೆ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಮೆಹರುನ್ನೀಸಾ ಮನೆಗೆ ಬಂದ ಮೇಲೆ ಓಲ್ಡ್ ಟೌನಿಗೆ ಹೋದೆ. ದಿಂಬಿಗೊರಗಿ ಕೂತಿದ್ದರು, ಮೂಗುಬೊಟ್ಟು ಜಾಗಕ್ಕೆ ಮರಳಿತ್ತು. ಮಗ ಔಷಧ ತರಲು ಹೋದಾಗ ವಿಡಿಯೊ ತೋರಿಸಲು ಹೇಳಿದರು. ಕೊನೆಯವರೆಗೂ ರೆಪ್ಪೆ ಬಡಿಯದೆ ನೋಡಿ, “ಪಾಪ, ಎಷ್ಟು ಹೆದರ್ಕೊಂಡಿದಾಳೆ ಮುದುಕಿ,” ಎಂದರು, ಬೇರೆ ಯಾರನ್ನೋ ನೋಡಿದವರಂತೆ. ಅಳಿಸುವ ಗುಂಡಿ ಯಾವುದೆಂದು ತೋರಿಸಿದೆ. ಅವರ ಬೆರಳೇ ಒತ್ತಿತು. ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ. ಹಗುರವೂ ಆಯಿತು.

ಇಲ್ಯಾಸ್ ಮರಳಿ ಬಂದ ಮೇಲೆ, ಅವರಿಬ್ಬರ ಮುಖ ನೋಡಿಕೊಂಡೇ, “ನಿಮ್ಮಿಬ್ಬರನ್ನೂ ಒಟ್ಟಿಗೆ ತೆಗೆಯಲಾ?” ಎಂದು ಕೇಳಿದೆ. ದನಿ ಒಡೆದಿತ್ತು, ಮಾತು ಮಾತ್ರ ಪೂರ್ತಿ ಬಂತು. ಮಂಚದ ಅಂಚಿನಲ್ಲಿ ಕೂತ ಇಲ್ಯಾಸ್ ಕ್ಯಾಮೆರಾ ಮುಂದೆ ಹೆಮ್ಮೆಯಿಂದ ಹೇಳಿದ: “ನಮ್ಮ ಅಮ್ಮಿಗೆ ಭಯ ಅಂದ್ರೇನೇ ಗೊತ್ತಿಲ್ಲ.” ತಾಯಿ ಅವನ ತಲೆ ಸವರಿ, ಮೆಲ್ಲಗೆ ಈ ಕಡೆ ತಿರುಗಿದರು.

ಸ್ಕೂಲಿನಲ್ಲಿ ಮೇಷ್ಟ್ರು ಮೆಚ್ಚಿಕೊಂಡರು. ಕಡೆಗೆ ಪರದೆಯ ಮೇಲೆ ಚಿತ್ರವನ್ನು ನಿಲ್ಲಿಸಿ, “ಇಲ್ಲಿ ಮಾತ್ರ ಆಕೆ ಕ್ಯಾಮೆರಾ ನೋಡಿಬಿಟ್ಟಿದ್ದಾರೆ. ಈ ತುಣುಕು ಕತ್ತರಿಸು,” ಎಂದರು.

ನನ್ನ ಅಂಗೈ ಬೆವರುತ್ತಿತ್ತು.

“ಕತ್ತರಿಸಲ್ಲ ಸರ್,” ಎಂದೆ. “ಅವರು ನೋಡಿದ್ದು ಕ್ಯಾಮೆರಾನ ಅಲ್ಲ, ನನ್ನನ್ನು.”