ಮೊದಲು ನೋಡಬೇಕಾದವರು

ಕಾಕಾ ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗಿ ಕಾಣುತ್ತಿತ್ತು. ಮೂವತ್ತು ವರ್ಷ ಅದನ್ನು ಮುಚ್ಚಿಕೊಂಡೇ ಕ್ಯಾಮೆರಾದೊಳಗೆ ನೋಡಿದ್ದರಿಂದ ಸುತ್ತ ಸುಕ್ಕುಗಳು ನೆಲೆಯಾಗಿದ್ದವು. ಮಾತಾಡುವಾಗಲೂ ಅದು ತಾನಾಗಿಯೇ ಮುಚ್ಚುತ್ತಿತ್ತು. ತಮಗೆ ಕಣ್ಣು ಹೊಡೆದರೆಂದು ಹೊಸಬರು ಗಾಬರಿಯಾಗುತ್ತಿದ್ದರು.

ಅವರು ಅಪ್ಪನ ಗೆಳೆಯರು. ಇಳಕಲ್ಲಿನಲ್ಲಿ ಅವರದು ಫೋಟೊ ಸ್ಟುಡಿಯೊ. ಎಂಬತ್ತರ ದಶಕದ ನಡುವೆ ವಿಡಿಯೊ ಕ್ಯಾಮೆರಾ ತಂದು ಮದುವೆಗಳನ್ನು ತೆಗೆದರು. ಆಮೇಲೆ ಬೋರ್ಡಿನ ಮೇಲೆ 'ಟೀವಿ ಕಾರ್ಯಕ್ರಮ ತಯಾರಕರು' ಎಂದು ಬರೆಸಿದರು.

"ಮದುವ್ಯಾಗ ಅಕ್ಕಿಕಾಳು ಬೀಳೂದು ತಗಿಯಾಂವ ಟೀವಿಗೆ ಹೊಂಟಾನ" ಎಂದು ಪಕ್ಕದ ಅಂಗಡಿಯವರು ನಕ್ಕರು.

"ನಿನ್ನ ಅಂಗಡ್ಯಾಗಿನ ನೊಣಾನೂ ತೋರಸ್ತೇನಿ, ತಡೀಲೇ" ಎಂದರು ಕಾಕಾ.

ಕಂಪನಿ ಎಂದರೆ ಮೂವರು: ಕ್ಯಾಮೆರಾಕ್ಕೆ ಕಾಕಾ, ಧ್ವನಿಗೆ ಅವರ ಹೆಂಡತಿ ಕಾಕೂ, ಬರವಣಿಗೆಗೆ ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ನಾನು. ಕಾಕಾ ಒಂದು ಪದ್ಧತಿ ಇಟ್ಟಿದ್ದರು. ಯಾರ ಬಗ್ಗೆ ತೆಗೆದಿದ್ದೇವೋ ಅವರಿಗೆ ತೋರಿಸದೆ ಕ್ಯಾಸೆಟ್ಟು ಊರು ಬಿಡುವಂತಿರಲಿಲ್ಲ.

ನಮ್ಮ ಮೊದಲ ಕಾರ್ಯಕ್ರಮ ಇಳಕಲ್ ಸೀರೆಯ ಮೇಲೆ. ಬೆಂಗಳೂರಿನ ಟೀವಿ ಕೇಂದ್ರಕ್ಕೆ ಮುಟ್ಟಿಸಲು ಎರಡೇ ದಿನ ಉಳಿದಿದ್ದವು. ಟೀವಿ, ವಿಸಿಆರ್ ಎರಡನ್ನೂ ತಳ್ಳುಗಾಡಿಯ ಮೇಲಿಟ್ಟು ನೇಕಾರರ ಓಣಿಗೆ ಒಯ್ದೆವು. ಎಲ್ಲರೂ ತಮ್ಮ ಮಗ್ಗ ಗುರುತಿಸಿ ಹಿಗ್ಗುತ್ತಿದ್ದರು. ಅಷ್ಟರಲ್ಲಿ 'ಸೆರಗನ್ನು ಸೀರೆಯ ಒಡಲಿಗೆ ಹೊಲಿದು ಕೂಡಿಸುತ್ತಾರೆ' ಎಂಬ ನನ್ನ ಸಾಲು ಕೇಳಿತು. ಯಾವುದೋ ಪುಸ್ತಕದಲ್ಲಿ ಓದಿ ಬರೆದ ಸಾಲು.

"ಯಾರು ಬರದಾರ ಇದನ್ನ?" ಎಂದಳು ಮುಂದೆ ಕೂತಿದ್ದ ಮುದುಕಿ. "ಹೊಲಿಯಾಕ ಇದೇನು ಕೌದಿ ಏನ್ರಿ? ನೇಯೂಕಿಂತ ಮೊದಲ ಒಡಲಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕ್ತೇವಿ."

ಓಣಿಯೇ ನಕ್ಕಿತು. ನಾನು ತಲೆ ಎತ್ತಲಿಲ್ಲ.

"ತಪ್ಪು ನಂದಬೇ ಯವ್ವಾ" ಎಂದರು ಕಾಕಾ. "ಕಣ್ಣಿಲೆ ನೋಡಿ ನಾನ ತಗದೇನಿ. ಕಿವಿ ಎಲ್ಲಿಟ್ಟಿದ್ನೋ."

ಕಾಕೂ ಮೆಲ್ಲಗೆ, "ಹೊತ್ತಿಗೆ ಮುಟ್ಟಲಿಲ್ಲಂದ್ರ ನಮ್ಮ ಸರದಿ ಬ್ಯಾರೆಯವರಿಗೆ ಹೊಕ್ಕೈತ್ರಿ. ಒಂದು ಮಾತು ತಪ್ಪಿದ್ರ ಬೆಂಗಳೂರಾಗ ಯಾರಿಗೆ ತಿಳೀತೈತಿ?" ಎಂದರು.

"ಇವರಿಗೆ ತಿಳೀತಲ್ಲ. ಇವರ ಮುಂದ ನಿಲ್ಲಲಾರದ್ದು ನಾಡ ಮುಂದ ಹೆಂಗ ನಿಲ್ತೈತಿ?" ಎಂದರು ಕಾಕಾ.

ಮರುದಿನ ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. "ಬರಿಬ್ಯಾಡ ಮಗಳ. ಮೊದಲ ಕೂಡು" ಎಂದು ಆ ಮುದುಕಿಯ ಪಕ್ಕ ಕೂರಿಸಿದರು. ಕೊಂಡಿ ಹಾಕಹೋದರೆ ನನ್ನ ಕೈಯಲ್ಲಿ ಎಳೆ ಹರಿಯುತ್ತಲೇ ಇತ್ತು.

"ಜಗ್ಗಬ್ಯಾಡ ತಂಗಿ. ನೀ ಎಷ್ಟು ಸಾಲಿ ಕಲ್ತಿ ಅಂತ ಎಳಿಗೆ ಗೊತ್ತಿಲ್ಲ" ಎಂದಳು ಮುದುಕಿ. ಸಂಜೆಯ ಹೊತ್ತಿಗೆ ಹತ್ತಾರು ಕೊಂಡಿಗಳು ನಿಂತವು.

ಸಾಲನ್ನು ತಿದ್ದಿ ಮತ್ತೆ ಧ್ವನಿಮುದ್ರಿಸಿದೆವು. ನಮ್ಮ ಸರದಿ ತಪ್ಪಿತು. ಕಾಕಾ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ತಿಂಗಳುಗಳ ನಂತರ ಕಾರ್ಯಕ್ರಮ ಬಂದಾಗ ಕೊನೆಯಲ್ಲಿ ನನ್ನ ಹೆಸರಿತ್ತು. ಅದರ ಕೆಳಗೆ, ನನಗೂ ಹೇಳದೆ ಕಾಕಾ ಸೇರಿಸಿದ್ದ ಇನ್ನೊಂದು ಸಾಲು: 'ತಿದ್ದಿದವರು', ಮುಂದೆ ಆ ಮುದುಕಿಯ ಹೆಸರು. ಅವಳಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ. ನನ್ನ ಹೆಸರು ಅವಳ ಹೆಸರಿನ ಜೊತೆ ಬಂದದ್ದು ನನಗೆ ಎಂ.ಎ. ಪದವಿಗಿಂತ ದೊಡ್ಡದೆನಿಸಿತು.

ಎರಡು ವರ್ಷಗಳಲ್ಲಿ ನಾವು ಒಂಬತ್ತು ಕಾರ್ಯಕ್ರಮ ಮಾಡಿದೆವು. ಹತ್ತನೆಯದಕ್ಕೆ ತಯಾರಿ ನಡೆದಿದ್ದಾಗ ಕಾಕಾ ತೀರಿಕೊಂಡರು. ಕಂಪನಿ ಮುಚ್ಚಿತು ಎಂದೇ ಊರು ಅಂದುಕೊಂಡಿತು. ಕಾಕೂ ಕ್ಯಾಮೆರಾ ಹಿಡಿದರು. ಆ ಹತ್ತನೆಯದಕ್ಕಾಗಿ ಬಾದಾಮಿಯ ಕಲ್ಲು ಕಡಿಯುವವರ ನಡುವೆ ನಾನು ಎರಡು ದಿನ ಉಳಿ ಹಿಡಿದು ಕೂತೆ. ಅಂಗೈಯಲ್ಲಿ ಗುಳ್ಳೆ ಎದ್ದ ಮೇಲೆ ಮೊದಲ ಸಾಲು ಬರೆದೆ.