ಶಿವರಂಜಿನಿಯ ಹೆಸರಿನ ಕೆಳಗಿನ ಸಾಲು

ಚಾಮರಾಜನಗರದಲ್ಲಿ ಮದುವೆ ಕಾರ್ಡಿನ ಅಂಗಡಿ ಇಟ್ಟವನಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ಬಾಲವಿಲ್ಲದ ಹೆಸರನ್ನು ನಮ್ಮ ಜನ ಅಚ್ಚು ಹಾಕಿಸುವುದಿಲ್ಲ. ಬಿ.ಎ. ಮುಗಿಸಿದವನಿಗೆ ಬಿ.ಎ., ಎರಡು ವಿಷಯ ಉಳಿಸಿಕೊಂಡವನಿಗೂ ಬಿ.ಎ. ನಾನೇನು ಅಂಕಪಟ್ಟಿ ಕೇಳುವವನಲ್ಲ, ಕಾರ್ಡು ಮಾರುವವನು.

ನನ್ನಲ್ಲಿ ಕಾರ್ಡು ಕಂಪೋಸ್ ಮಾಡುತ್ತಿದ್ದವಳು ಉಮ್ಮತ್ತೂರಿನ ಹುಚ್ಚಯ್ಯನ ಮಗಳು ಶಿವರಂಜಿನಿ. ಅಂಗಡಿಯ ಕಂಪ್ಯೂಟರಿಗೆ ವೈರಸ್ ಬಡಿದು ಮಲಗಿದಾಗ ಅವಳೇ ಲಿನಕ್ಸ್ ಎಂಬ ಬೇರೆ ತಂತ್ರಾಂಶ ಹಾಕಿದಳು.

"ಇದು ಪುಕ್ಸಟ್ಟೆ ಕಣಣ್ಣ. ನೀವು ಹಾಕ್ಸಿದ್ರಲ್ಲ, ಅಂಗೆ ಕದ್ದಿದ್ದಲ್ಲ."

ಎರಡನೆಯ ಮಾತು ಅವಳಿಗೆ ಮುಖ್ಯ. ನನಗೆ ಮೊದಲನೆಯದೇ ಸಾಕಾಯಿತು.

ಲಿನಕ್ಸಿನಂಥ ಮುಕ್ತ ತಂತ್ರಾಂಶ ಬಳಸಬಲ್ಲವರಿಗೆ ಒಂದು ಪರೀಕ್ಷೆ ಇದೆ, ಪಾಸಾದರೆ ಪ್ರಮಾಣಪತ್ರ ಕೊಡುತ್ತಾರೆ ಎಂದು ಎಲ್ಲಿಂದಲೋ ತಿಳಿದುಕೊಂಡಳು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಓದಿದಳು. ಮೊದಲ ಸಲ ಫೇಲಾಗಿ, ಉಮ್ಮತ್ತೂರು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅಳುತ್ತಾ ಹೋದಳಂತೆ. ಮತ್ತೆ ಮೈಸೂರಿಗೆ ಹೋಗಿ ಬರೆದು ಪಾಸಾದಳು. ಅದನ್ನು ನೋಡಿ ಗುಂಡ್ಲುಪೇಟೆಯ ಒಂದು ತರಬೇತಿ ಕೇಂದ್ರದವರು ಸೋಮವಾರದಿಂದಲೇ ಪಾಠ ಮಾಡಲು ಬಾ ಎಂದರು.

ಆ ಹೊತ್ತಿಗೆ ಅವಳ ನಿಶ್ಚಿತಾರ್ಥ ಮುಗಿದು, ಛತ್ರವೂ ಗೊತ್ತಾಗಿತ್ತು. ಗಂಡಿನ ಊರು ಗೋಪಾಲಸ್ವಾಮಿ ಬೆಟ್ಟದ ತಪ್ಪಲು, ಗುಂಡ್ಲುಪೇಟೆಗೆ ಹತ್ತಿರ. ಮದುವೆಯಾದ ಮೇಲೂ ಹೋಗಿಬರಬಹುದು ಎಂದೇ ಅವಳು ಆ ಕೆಲಸಕ್ಕೆ ಹೂಂ ಅಂದದ್ದು.

ಕಾರ್ಡು ಮಾಡಿಸಲು ಹುಚ್ಚಯ್ಯ ಬೀಗರಾದ ಗುರುಸ್ವಾಮಿಯವರನ್ನು ನನ್ನ ಅಂಗಡಿಗೇ ಕರೆತಂದ. ತನ್ನ ಮದುವೆಯ ಕಾರ್ಡು ಕಂಪೋಸ್ ಮಾಡಲು ಹುಡುಗಿಯೇ ಕೂತಳು. ಗುರುಸ್ವಾಮಿ ಪರದೆಗೆ ಬೆರಳಿಟ್ಟರು.

"ಬರೀ ಬಿ.ಎ. ಸಾಲ್ದು ಕಣವ್ವ. ಆ ಕಂಪ್ಯೂಟರ್ದು ಅದೇನೋ ಪಾಸ್ ಮಾಡಿದ್ದೀಯಲ್ಲ, ಅದ್ನೂ ಎಸ್ರು ಕೆಳಗೆ ಹಾಕು. ನಮ್ ಕಡೆ ಯಾವ ಸೊಸೆಗೂ ಅದಿಲ್ಲ."

"ಹಾಕಮ್ಮಿ," ಅಂದೆ ನಾನು. "ಹೆಂಗೂ ಆ ಕೆಲ್ಸಕ್ಕೇ ತಾನೇ ಹೋಗೋದು."

ಗುರುಸ್ವಾಮಿ ನಕ್ಕರು. "ಕೆಲ್ಸಕ್ಕಾ? ತಮಾಸೆ ಮಾಡ್ತೀರಾ ಸಾವ್ಕಾರ್ರೆ? ನಮ್ಮನೆ ಸೊಸೆ ದಿನಾ ಬಸ್ ಅತ್ಕಂಡು ದುಡಿಯಕ್ ವೋದ್ರೆ ಊರೋರು ಏನಂದಾರು?"

"ಬೋರ್ಡು ಬರೆಸಿ ಬಾಗಿಲು ಹಾಕ್ಕೊಳ್ಳೋ ಅಂಗಡೀನ ನಾನು ನೋಡಿಲ್ಲ ಸ್ವಾಮಿ."

"ಮನೆ ಮರ್ವಾದೆ ಯಾಪಾರ ಅಲ್ಲ ಕಣ್ರೀ."

ಶಿವರಂಜಿನಿ ಅಪ್ಪನ ಕಡೆ ತಿರುಗಿದಳು. "ಕೆಲ್ಸದ್ ಇಚಾರ ಕೇಳಿದ್ದೀನಿ, ಒಪ್ಪವ್ರೆ ಅಂತ ನೀನೇ ಅಂದ್ಯಲ್ಲಪ್ಪ?"

ಹುಚ್ಚಯ್ಯ ಮಾದರಿ ಕಾರ್ಡುಗಳನ್ನು ತಿರುವಿಹಾಕುತ್ತಿದ್ದ. ತಲೆ ಎತ್ತಲಿಲ್ಲ. "ಮದ್ವೆ ಆಗ್ಲಿ, ಆಮೇಕೆ ನೋಡನ ಬುಡವ್ವ."

ಅವಳು ಎದ್ದು ಬಾಗಿಲ ಹತ್ತಿರ ಹೋಗಿ ಫೋನ್ ಮಾಡಿದಳು. "ಸಾರ್, ನಾನು ಶಿವರಂಜಿನಿ. ಸೋಮವಾರ ಬರಕ್ಕಾಗಲ್ಲ ಸಾರ್... ಇಲ್ಲ, ಆಮೇಲೂ ಆಗಲ್ಲ. ಬೇರೆಯೋರನ್ನ ತಗೊಳ್ಳಿ."

ಅವಳು ಬಂದು ಕೂತು, ಹೆಸರಿನ ಕೆಳಗೆ ಆ ಸಾಲನ್ನು ಒಂದಕ್ಷರವೂ ತಪ್ಪದಂತೆ ಕೂರಿಸಿದಳು.

"ಕಾಣ್ತದಾ ಮಾವ?" ಎಂದಳು. "ಇನ್ನೊಂಚೂರು ದಪ್ಪ ಮಾಡ್ಲಾ?"